ಕೋಲೂರಿ ನೆಗೆದ ಸಾಹುಕಾರರು

ಕೃಪಣನಿಗೆ ಕಟ್ಟಕಡೆಯಲ್ಲಿ ಒಂದು ಶಿಕ್ಷೆಯನ್ನು ವಿಧಿಸಿಯೇ ಕಥೆಯನ್ನು ಮುಗಿಸುವುದು ಕಥೆಗಾರರ ವಾಡಿಕೆ. ಕಾರ್ಪಣ್ಯವನ್ನೇ ಪರಾಕ್ರಮವೆಂದು ಬಗೆದು, ಅದರ ಕೈಗೊಂದು ಬೆತ್ತವನ್ನಿತ್ತು, ಭೂಮಂಡಲವನ್ನೂ ಚಂದ್ರಲೋಕವನ್ನೂ ಸುತ್ತಿಸಿದ ಕೀರ್ತಿ ಜಪಾನಿನ ಕ್ಯಾಪ್‌ಕಾಮ್ ಕಂಪೆನಿಯವರದು. ಕಾರ್ಲ್ ಬಾರ್ಕ್ಸ್ ಎಂಬ ಚಿತ್ರಕಾರರು 1947ರಲ್ಲಿ ಸೃಜಿಸಿದ ಸ್ಕ್ರೂಜ್ ಮೆಕ್‌ಡಕ್ ಎಂಬ ಬಾತುಕೋಳಿ ಸಾಹುಕಾರರು, 1987ರಲ್ಲಿ ಡಿಸ್ನಿಯವರ ‘ಡಕ್‌ಟೇಲ್ಸ್’ ಧಾರಾವಾಹಿಗೆ ಯಜಮಾನರಾಗಿ, 1989ರಲ್ಲಿ ಆ ಕ್ಯಾಪ್‌ಕಾಮಿನವರ ಟಿವಿ ಗೇಮಿನೊಳಕ್ಕೆ ಜಿಗಿದು, ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ, ಮಂಗಳೂರಿನಿಂದ ಬಂದ ನನ್ನ ಸೋದರಳಿಯನ ಚೀಲದಲ್ಲಿ ಕುಳಿತು, ಬೆಳ್ತಂಗಡಿಗೆ ತಾಗಿದ ಲಾಯಿಲದ ನಮ್ಮ ಮನೆಯ ಚಾವಡಿಗೂ ದಯಮಾಡಿಸಿದರು.

ಅವರ ಪರಿಚಯ ನಮಗೆ ಮೊದಲೇ ಇದ್ದಿತು. ಭಾನುವಾರದ ಬೆಳಗ್ಗೆ ದೂರದರ್ಶನದಲ್ಲಿ ಅವರು ಹಿಂದಿಯಲ್ಲಿ ಗದರುತ್ತಿದ್ದುದನ್ನು, ಹಿಂದಿ ಬಾರದ ನಮ್ಮ ಮಕ್ಕಳು ಎವೆಯಿಕ್ಕದೆ ನೋಡಿ, ತಮಗೆ ತೋಚಿದ ಅರ್ಥವನ್ನು ಹಚ್ಚಿಕೊಂಡು ನಗುತ್ತಿದ್ದರು. ಗೇಮಿನಲ್ಲಾದರೋ ಆ ತೊಡಕೂ ಇಲ್ಲ. ಆಂಟೆನಾ ತಂತಿಯನ್ನು ಟಿವಿಯ ಬೆನ್ನಿನಿಂದ ಕಿತ್ತು, ಆ ತೂತಿಗೆ ಗೇಮಿನ ತಂತಿಯನ್ನು ಸಿಕ್ಕಿಸಿ, ಕ್ಯಾಸೆಟ್ಟಿನ ಬಾಯಿಗೆ ಶಂಖಕ್ಕೆ ಊದಿದಷ್ಟೇ ಶ್ರದ್ಧೆಯಿಂದ ಊದಿ ಕೂರಿಸಿದರಾಯಿತು, ಸಾಹುಕಾರರು ಬೆತ್ತವನ್ನು ಕಾಲಡಿಗಿಟ್ಟು ಪುಟಿಯತೊಡಗುವರು. ಶತ್ರುವಿನ ತಲೆಯ ಮೇಲೆ ಪುಟಿದರೆ ಶತ್ರು ನಾಶ, ಪೆಟ್ಟಿಗೆಯ ಮೇಲೆ ಪುಟಿದರೆ ವಜ್ರಲಾಭ.

ನಮ್ಮ ದೊಡ್ಡಪ್ಪ, ಅಡಿಕೆಯ ಧಾರಣೆಯಲ್ಲದೆ ಬೇರಾವ ವಾರ್ತೆಗೂ ಕಿವಿಗೊಡದವರು, ಆರಾಮಕುರ್ಚಿಯಿಂದ ಕತ್ತು ನೀಡಿ ಕೇಳಿದರು:

“ಈ ಮುದುಕನಿಗೆ ಪ್ರಾಯ ಎಷ್ಟಾ?”

“ಗೊತ್ತಿಲ್ಲ ಅಜ್ಜ. ತುಂಬಾ ಆಗಿದೆ.”

“ಆದರೂ ಸೊಂಟ ಗಟ್ಟಿ ಉಂಟು ಮಾರಾಯ! ನಮ್ಮ ಗಡಾಯಿಕಲ್ಲು ಹತ್ತಲಿ ನೋಡುವ.”

ಟಿಪ್ಪು ಸುಲ್ತಾನನು 1794ರಲ್ಲಿ ಜಮಾಲಾಬಾದ್ ಕೋಟೆಯನ್ನು ಕಟ್ಟಿಸಿದ ಆ ಏಕಶಿಲೆಯ ಮೆಟ್ಟಿಲುಗಳನ್ನು ಏರಿಬಂದವರಿಗೆ, ಅಟ್ಟದಿಂದ ಅಟ್ಟಕ್ಕೆ ಹಾರುವ ಇಂತಹ ಆಟಗಳಲ್ಲಿ ಹೊಸತೇನೂ ಕಾಣಲಾರದೆಂಬುದು ನನ್ನ ಅಭಿಮತವೂ ಹೌದು. ತಡಮೆ ದಾಟಿ, ಕಣಿ ಹಾರಿ, ಮಳೆಗಾಲದ ಪಾಚಿಗಟ್ಟಿದ ಅಡಿಕೆಮರದ ಸಂಕದ ಮೇಲೆ ಉಸಿರು ಬಿಗಿಹಿಡಿದು ನಡೆದು ಶಾಲೆ ಸೇರುತ್ತಿದ್ದವರು ನಾವು. ಸ್ಕ್ರೂಜರಿಗಿದ್ದಂತೆ ಮೂರು ಜೀವಗಳ ಸವಲತ್ತು ನಮಗಾರೂ ಕೊಟ್ಟಿರಲಿಲ್ಲ.

ದೊಡ್ಡಪ್ಪನವರ ಮೆಚ್ಚುಗೆಗೆ ಬೇರೊಂದು ಕಾರಣವೂ ಇದ್ದಿತೆಂದು ನನ್ನ ಗುಮಾನಿ. ಧಾರಾವಾಹಿಯ ಸ್ಕ್ರೂಜರಿಗೆ ಮನೆಯ ಹುಡುಗರು ಮೂವರು ಆಗಾಗ ಔದಾರ್ಯದ ಪಾಠ ಹೇಳುವರು. ಗೇಮಿನಲ್ಲಿ ಆ ಹುಡುಗರು ಅಲ್ಲಲ್ಲಿ ನಿಂತು ದಾರಿಯ ಸುಳಿವು ಕೊಡುವರೇ ಹೊರತು ಬುದ್ಧಿವಾದದ ತಂಟೆಗೆ ಬರುವುದಿಲ್ಲ. ದುಡ್ಡು ಮಾಡುವ ವೃದ್ಧನೊಬ್ಬನು ಕಿರಿಯರ ಉಪದೇಶವಿಲ್ಲದೆ ನಿಶ್ಚಿಂತೆಯಿಂದ ದುಡಿಯುವ ದೃಶ್ಯ ನಮ್ಮ ಮನೆಯಲ್ಲಿ ದುರ್ಲಭವಾಗಿದ್ದಿತು.

ಗೇಮಿನ ಹಿಮಾಲಯದಲ್ಲಿ ಸಾಹುಕಾರರು ಪುಟಿಯಹೋಗಿ ಬೆತ್ತಸಮೇತ ಹಿಮದಲ್ಲಿ ಹೂತುಕೊಂಡಾಗ, “ಅಲ್ಲಿ ಹಾರಬೇಡವಾ, ಮೆಲ್ಲ ನಡಿ” ಎಂದು ಸಲಹೆಯಿತ್ತವರು ದೊಡ್ಡಪ್ಪನವರೇ. ಅದು ಸರಿಯಾದ ಉಪಾಯವೂ ಆಗಿದ್ದಿತು. ಆದರೆ ಚಂದ್ರಲೋಕದ ನಿಧಿ ಹಸಿರು ಚೀಸೆಂದು ತಿಳಿದಾಗ ಮಾತ್ರ ಅವರಿಗೆ ಹೇಸಿಗೆಯಾಯಿತು. ದೀರ್ಘಾಯುಷ್ಯವನ್ನೀಯುವ ಚೀಸು ಎಂದು ಅಳಿಯನು ಎಷ್ಟು ವಿವರಿಸಿದರೂ, “ಅಷ್ಟು ದೂರ ಹೋಗಿ ತರುವುದು ಪಾಚಿ ಹಿಡಿದ ಹಾಲಿನ ಗಟ್ಟಿಯಾ?” ಎಂದು ಮುಖ ಸಿಂಡರಿಸಿದರು.

ಐದರಲ್ಲಿ ನಾಲ್ಕು ನಿಧಿಗಳು ಕೈಸೇರಿದ ಆ ಸಂಜೆ, ಪಶ್ಚಿಮಘಟ್ಟದ ಮೇಲೆ ಒಂದು ಗುಡುಗು ಉರುಳಿ, ಕರೆಂಟು ಹೋಯಿತು. ಆಡಿದಷ್ಟನ್ನು ಜೋಪಾನವಾಗಿಡುವ ಏರ್ಪಾಡು ಆ ಗೇಮಿನಲ್ಲಿಲ್ಲ. ಸಾಹುಕಾರರು ಕ್ಷಣಾರ್ಧದಲ್ಲಿ ನಿರ್ಗತಿಕರಾದರು. ಹುಡುಗನ ಗಂಟಲು ಕಟ್ಟಿತು. ದೊಡ್ಡಪ್ಪನವರು ಕತ್ತಲಲ್ಲಿ ಎಲೆಗೆ ಸುಣ್ಣ ಸವರುತ್ತ, ಮೊದಲ ಬಾರಿಗೆ ಸ್ಕ್ರೂಜರನ್ನು ತುಚ್ಛೀಕರಿಸಿದರು:

“ಇಷ್ಟು ಜಿಪುಣ ಆಗಿ, ಒಂದು ಲೆಕ್ಕದ ಪುಸ್ತಕ ಇಟ್ಟುಕೊಂಡಿಲ್ಲವಾ?”