ಠರಾವು

ಮಾಗೋಡಿನ ಒಂದು ಜಗುಲಿ. ನಡುವೆ ಕವಳದ ಬಟ್ಟಲು. ಊರಿಗೆ ಬಂದ ಪ್ರೊಫೆಸರು, ತೋಟ ಬಿಟ್ಟು ಹೋಗದ ಭಾವ.

“ಭಾವ, ಅಮೆರಿಕದ ಇತಿಹಾಸಕಾರರ ಸಂಘ 2025ರ ಜನವರಿಯಲ್ಲಿ ಗಾಜಾ ಬಗ್ಗೆ ಠರಾವು ಮಾಡಿತು. ಪರ 428, ವಿರೋಧ 88!”

“ಹೌದಾ? ಯುದ್ಧ ನಿಂತಿತಾ?”

“ಠರಾವೇ ನಿಂತಿತು. ಸಂಘದ ಮಂಡಳಿ ವೀಟೋ ಹಾಕಿತು.”

“ಓಹೋ, ಒಳಗೇ ಒಂದು ವಿಶ್ವಸಂಸ್ಥೆ!”

“ಆದರೂ ವಿದ್ವಾಂಸ ಸುಮ್ಮನಿರಬಾರದು. ನಮ್ಮ ಸಂಘವೂ ಖಂಡಿಸಿದೆ.”

“ಒಳ್ಳೇದಾಯ್ತು. ಬೇಡ್ತಿಗೆ ಅಣೆಕಟ್ಟು ಅಂದಾಗ, 1981ರಲ್ಲಿ, ಶಿರಸಿಯ ತೋಟಗಾರ್ಸ್ ಸೊಸೈಟಿ ವಿಜ್ಞಾನಿಗಳನ್ನು ಕರೆಸಿ ವಿಚಾರಸಂಕಿರಣ ಮಾಡಿತು. ಅಡಿಕೆ ಮಾರುವವರು, ನೋಡು! ಯೋಜನೆ ನಿಂತಿತು. ಈಗ ಬೇಡ್ತಿ–ವರದಾ ನದಿ ಜೋಡಣೆ ಅಂತಿದ್ದಾರೆ. ನಿಮ್ಮ ಸಂಘದ್ದು ಎಂತ ಠರಾವು?”

“ಛೆ, ಅದು ರಾಜಕೀಯ ಭಾವ! ನಮಗೆ ಅನುದಾನ ಬರುವುದು ಬೆಂಗಳೂರಿನಿಂದ, ಗಾಜಾದಿಂದ ಅಲ್ಲ.”