ಎತ್ತಿಗೆ ಜ್ವರ, ಪರದೆಗೆ ಬರೆ

ಹಳೇ ಕಂಪ್ಯೂಟರಿನ ಸ್ವಿಚ್ಚು ಒತ್ತಿದಿರಿ, ಪರದೆ ಕಪ್ಪಗೇ ಉಳಿಯಿತೆನ್ನಿ. ಮೊದಲ ಏಟು ಬೀಳುವುದು ಮಾನಿಟರಿನ ನೆತ್ತಿಗೆ, ಎರಡನೆಯದು ಪಕ್ಕೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಪದ್ಧತಿ ಕೊಟ್ಟಿಗೆ ಬಿಟ್ಟು ನಡುಮನೆಯ ಮೇಜಿನ ತನಕ ಬಂದಿದೆ. ಕಂಪ್ಯೂಟರ್ ಏಳುವ ಹೊತ್ತಿನಲ್ಲಿ ಎಲ್ಲರಿಗಿಂತ ಕೊನೆಗೆ ಬಾಯಿ ಬಿಡುವುದು ಪರದೆ. ಅದಕ್ಕೆ ಮುಂಚೆ ವಿದ್ಯುತ್ತು ಸರಿಯಾಗಿ ಬರಬೇಕು, ಪ್ರೊಸೆಸರ್ ಕಣ್ಣು ಬಿಡಬೇಕು, ರಾಮ್ ಲೆಕ್ಕ ಒಪ್ಪಿಸಬೇಕು, ಡಿಸ್‌ಪ್ಲೇ ಕಾರ್ಡು ಸಿಕ್ಕಬೇಕು. ಇಷ್ಟು ಜನರಲ್ಲಿ ಯಾರು ಮಲಗಿದ್ದರೂ ಬೈಸಿಕೊಳ್ಳುವುದು ಮಾತ್ರ ಪರದೆ. ಆದ್ದರಿಂದ ತನಿಖೆ ಗೋಡೆಯ ಪ್ಲಗ್ಗಿನಿಂದ ಹೊರಡಬೇಕು. ಅದೂ ಕಣ್ಣಿಗಿಂತ ಮೊದಲು ಕಿವಿ, ಮೂಗುಗಳಿಂದ ಎನ್ನುವುದು ನನ್ನ ವಾದ.

ಕಾಣದೆ ರೋಗ ಹಿಡಿಯುವುದು ಹೇಗೆಂದು ಕೇಳುವವರು ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯಲ್ಲಿ ನಿಂತು ಹಾಸನ ನಗರದ ಕಡೆ ಮುಖ ಮಾಡಲಿ. 1982ರಿಂದ ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನವರು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳ ಮೈಬಿಸಿ, ಬ್ಯಾಟರಿಯ ಸ್ಥಿತಿ ಎಲ್ಲವನ್ನೂ ರೇಡಿಯೋ ಸಂಕೇತಗಳಿಂದಲೇ ತಿಳಿಯುತ್ತಾರೆ. ನೆತ್ತಿಗೆ ಒಂದು ತಟ್ಟೋಣವೆಂದರೆ ಕೈ ಎಟುಕುವುದಿಲ್ಲ. ಎಟುಕಿದ್ದರೆ ಏನಾಗುತ್ತಿತ್ತೋ, ಹೇಳಲಾರೆ.

ಮೇಜಿನ ಮೇಲಿನ ಪೆಟ್ಟಿಗೆಯೂ ಇಂಥ ಸಂಕೇತ ಕೊಡುತ್ತದೆ. 1984ರಲ್ಲಿ ಶುರುವಾದ ಕೇಂದ್ರದ ‘ಕ್ಲಾಸ್’ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರನ್ನೇ ತೆಗೆದುಕೊಳ್ಳಿ. ಕರೆಂಟು ಬಂದೊಡನೆ ಅದರ ಸೌಂಡ್ ಚಿಪ್ ತಾನಾಗಿಯೇ ಗುಂಯ್ ಎನ್ನತೊಡಗುತ್ತದೆ. ಪ್ರೊಸೆಸರ್ ಎದ್ದು ಬಂದು ಅದರ ಬಾಯಿ ಮುಚ್ಚಿಸಿ ತನ್ನದೊಂದು ಬೀಪ್ ಹಾಕುತ್ತದೆ. ಗುಂಯ್ ನಿಲ್ಲದಿದ್ದರೆ ಹಿರಿಯರು ಇನ್ನೂ ಎದ್ದಿಲ್ಲ ಎಂದರ್ಥ. ಬೀಪ್ ಬಂದೂ ಪರದೆ ಖಾಲಿಯಿದ್ದರೆ ಮನೆಯೆಲ್ಲ ಎದ್ದಿದೆ. ಆಗ ಡಿಸ್‌ಪ್ಲೇ ಕಡೆ ತಿರುಗಬಹುದು. ಅವಾರ್ಡ್ ಬಯೋಸಿನ ಪಿಸಿಯಾದರೆ ಒಂದು ಉದ್ದ, ಎರಡು ಗಿಡ್ಡ ಬೀಪ್ ಹಾಕಿ ಡಿಸ್‌ಪ್ಲೇ ಕಾರ್ಡಿನ ಮೇಲೆ ನೇರ ದೂರು ಕೊಡುತ್ತದೆ. ಇನ್ನು ಮೂಗು. ಬೋರ್ಡಿಗೆ ಬೆಸೆದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ವರ್ಷಗಟ್ಟಲೆ ಸೋರಿ ತಾಮ್ರದ ಗೆರೆಗಳನ್ನು ತಿಂದು ಹಸಿರು ಕಕ್ಕಿರುತ್ತದೆ. ಮುಚ್ಚಳ ತೆಗೆದರೆ ವಾಸನೆ ಬಡಿಯುತ್ತದೆ. ಬಿಬಿಸಿ ಮೈಕ್ರೋದ ಪವರ್ ಸಪ್ಲೈಯಲ್ಲಿರುವ ಕಾಗದದ ಫಿಲ್ಟರ್ ಕೆಪಾಸಿಟರ್ ಬಿರುಕುಬಿಟ್ಟು ಸಿಡಿದರೆ ಕೋಣೆ ತುಂಬ ಹೊಗೆ, ಎಲ್ಲರೂ ಅಂಗಳಕ್ಕೆ ಓಟ. ಅಷ್ಟಾದರೂ ಎಷ್ಟೋ ಸಲ ಕಂಪ್ಯೂಟರ್ ಏನೂ ಆಗದವರಂತೆ ಕೆಲಸ ಮಾಡುತ್ತಲೇ ಇರುತ್ತದೆ. ಕಣ್ಣನ್ನು ನಂಬಿ ಕೆಟ್ಟರು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ತಟ್ಟಿದರೆ ಸರಿಹೋಗುತ್ತದಲ್ಲ, ರಾಮ್ ಕಿತ್ತು ರಬ್ಬರಿನಿಂದ ಉಜ್ಜಿದರೆ ಏಳುತ್ತದಲ್ಲ ಎಂಬ ಆಕ್ಷೇಪ ಬಲವಾದದ್ದೇ. ಉಜ್ಜಿದಾಗ ಹೋಗುವುದು ಹಲ್ಲುಗಳ ಮೇಲಿನ ಕಿಲುಬು; ತಟ್ಟಿದಾಗ ಕೂಡುವುದು ಬಿರುಕುಬಿಟ್ಟ ಬೆಸುಗೆ. ಹಾಗಾಗಿ ತಟ್ಟುವುದು ಒಳ್ಳೆಯ ಪರೀಕ್ಷೆ, ಕೆಟ್ಟ ಚಿಕಿತ್ಸೆ: ಬೆಸುಗೆ ಮತ್ತೆ ಬಿಡುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ತಟ್ಟಬೇಕಾಗುತ್ತದೆ. ಮಾನಿಟರ್ ಎಂದೂ ತಪ್ಪೇ ಮಾಡದು ಎಂದೂ ನಾನು ಹೇಳುತ್ತಿಲ್ಲ. ನಡುವೆ ಅಡ್ಡಗೆರೆಯೊಂದೇ ಕಂಡರೆ ಅಪರಾಧಿ ಅದೇ. ಆದರೆ ಗಾಜಿನ ಹತ್ತಿರ ಕೈ ಹಿಡಿದಾಗ ರೋಮ ನಿಮಿರಿದರೆ ಒಳಗೆ ಸಾವಿರಾರು ವೋಲ್ಟು ಹುಟ್ಟುತ್ತಿದೆ, ಪಾಪದ್ದು ಬದುಕಿದೆ. ಆರಿಸಿದ ಮೇಲೂ ಆ ವೋಲ್ಟು ಒಳಗೆ ಉಳಿದಿರಬಹುದು. ಹಿಂಬದಿ ಬಿಚ್ಚುವ ಸಾಹಸ ಬಲ್ಲವರಿಗೆ ಬಿಡಿ.

ಇಷ್ಟು ಹಳೆಯದಕ್ಕೆ ಇಷ್ಟೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಹಳೆಯದೆಂದರೆ ಎಷ್ಟು? ಕುಲ್ಲಹಣ ರಾಹುತ ಮತ್ತು ಸಹಜಾದೇವಿ 1113ರ ಸುಮಾರಿಗೆ ಕಟ್ಟಿಸಿದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ಪುರಾತತ್ವ ಇಲಾಖೆ ಇಂದಿಗೂ ಕಾಯುತ್ತಿದೆ. ಆ ಊರಲ್ಲಿ ನಿಂತು 40 ವರ್ಷದ ಪೆಟ್ಟಿಗೆಯನ್ನು ಮುದಿಯೆಂದರೆ ಕಲ್ಲೂ ನಕ್ಕೀತು. ಕೊನೆಯ ಆಕ್ಷೇಪವೊಂದಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ: ಧೂಳು ಒರೆಸುವಾಗ ಯಾರೋ ಬ್ರೈಟ್‌ನೆಸ್ ತಿರುಪನ್ನು ಪೂರ್ತಿ ತಿರುಗಿಸಿಟ್ಟಿರಬಹುದು. ಅದನ್ನೊಮ್ಮೆ ನೋಡಿಕೊಂಡೇ ಸ್ಕ್ರೂಡ್ರೈವರ್ ಹುಡುಕಿ.