ಬೇಕಾಗಿದೆ: ಲೇತಿಗೊಂದು ದಾರ

ಹಿಗ್ಗಬಾರದು, ಕುಗ್ಗಬಾರದು, ಜಾರಬಾರದು, ಸುತ್ತಿದರೆ ಮುನಿಸಿಕೊಳ್ಳಬಾರದು. ವಧೂವರರ ಅಂಕಣದಲ್ಲೂ ಯಾರೂ ಇಷ್ಟು ಷರತ್ತು ಹಾಕುವುದಿಲ್ಲ. ನಾನು ಹಾಕಿದ್ದು ಗ್ಯಾರೇಜಿನ ಹಳೇ ಲೇತಿಗೆ ಬೇಕಾಗಿದ್ದ ಒಂದು ದಾರಕ್ಕೆ.

ಲೇತಿನ ಕ್ಯಾರೇಜ್ ಎಷ್ಟು ಸರಿಯಿತೆಂದು ತೋರಿಸುವ ಡಿಜಿಟಲ್ ರೀಡೌಟ್ ಅಂಗಡಿಯಲ್ಲೇ ಸಿಗುತ್ತದೆ. ಆದರೆ ದುಡ್ಡು ಕೊಟ್ಟು ತಂದರೆ ಎಂಜಿನಿಯರ್ ಅನ್ನಿಸಿಕೊಂಡವನ ಮರ್ಯಾದೆ ಏನಾಗಬೇಕು? ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಒಂದು ಸುತ್ತಿಗೆ 600 ಪಲ್ಸ್ ಕೊಡುವ ರೋಟರಿ ಎನ್‌ಕೋಡರ್ ತಂದೆ. ಅದರ ಎರಡು ಚಾನೆಲ್‌ಗಳ ಏರಿಳಿತಗಳನ್ನೆಲ್ಲ ಎಣಿಸಿದರೆ ಸುತ್ತಿಗೆ 2400. ಸುತ್ತಳತೆ 100 ಮಿ.ಮೀ. ಇರುವ ರಾಟೆ ಹಾಕಿ, ಕ್ಯಾರೇಜಿಗೆ ಕಟ್ಟಿದ ದಾರದಿಂದ ಅದನ್ನು ತಿರುಗಿಸಿದರೆ ಎಣಿಕೆಯೊಂದಕ್ಕೆ ಸುಮಾರು 0.04 ಮಿ.ಮೀ. ಕಾಗದದ ಮೇಲೆ ಕೆಲಸ ಮುಗಿದೇ ಹೋಯಿತು. ಉಳಿದದ್ದು ಬರೀ ದಾರ.

ಮೊದಲು ಬಂದದ್ದು ಗಾಳದ ನೈಲಾನ್. ಹಿಡಿಯನ್ನು ಹಿಂದಕ್ಕೆ ತಿರುಗಿಸಿದರೆ, ದಾರದ ಎಳೆತ ಬದಲಾಗುವವರೆಗೆ ಎನ್‌ಕೋಡರಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಸಾಲದ್ದಕ್ಕೆ ನೈಲಾನ್ ಗಾಳಿಯ ತೇವ ಹೀರಿ ಉದ್ದವಾಗುತ್ತದೆ. ಆಷಾಢದಲ್ಲಿ ಯಂತ್ರ ಮುಟ್ಟದೆಯೇ ಅಂಕಿ ಓಡುತ್ತಿತ್ತು. ಅದು ಅಳೆಯುತ್ತಿದ್ದದ್ದು ಮಳೆಯನ್ನು.

ಆಮೇಲೆ ಸೈಕಲ್ಲಿನ ಬ್ರೇಕ್ ಕೇಬಲ್. ಒಂದೂವರೆ ಮಿ.ಮೀ. ದಪ್ಪದ ಈ ಉಕ್ಕು ಹಿಗ್ಗುವ ಮಾತೇ ಇಲ್ಲ. ಬಗ್ಗುವ ಮಾತೂ ಇಲ್ಲ. ನನ್ನ ಪುಟ್ಟ ರಾಟೆಯಿಂದ ಎದ್ದು ಸೆಟೆದು ನಿಂತಿತು. ಅದು ಅಳೆದದ್ದು ತನ್ನ ಸ್ವಾಭಿಮಾನವನ್ನು.

ಮೂರನೆಯದು ಡೈನೀಮಾ ಎಂಬ ನಾರಿನಿಂದ ಹೆಣೆದ ದಾರ. ತೂಕಕ್ಕೆ ತೂಕ ನೋಡಿದರೆ ಉಕ್ಕಿಗಿಂತ ಎಷ್ಟೋ ಗಟ್ಟಿ ಎಂದು ಮನೆಮಂದಿಗೆಲ್ಲ ಉಪನ್ಯಾಸ ಕೊಟ್ಟೆ. ಅಷ್ಟೇ ಜಾರುತ್ತದೆ ಎಂಬ ಉಪನ್ಯಾಸವನ್ನು ಅದೇ ಕೊಟ್ಟಿತು: ಗಂಟು ತಾನಾಗಿ ಬಿಚ್ಚಿಕೊಂಡು, ತುದಿಗೆ ತೂಗುಬಿಟ್ಟಿದ್ದ ಅಜ್ಜಿಯ ಕಾಲದ ಹಿತ್ತಾಳೆ ಬಟ್ಟು ನನ್ನ ಹೆಬ್ಬೆರಳ ಮೇಲೆ ಬಿತ್ತು. ಆಗ ಅಳತೆಗೆ ಸಿಕ್ಕಿದ್ದು ನನ್ನ ಶಬ್ದಭಂಡಾರ.

ಕೊನೆಗೆ ಏಳೇಳು ತಂತಿಯ ಏಳು ಎಳೆ ಹೊಸೆದ, ಅರ್ಧ ಮಿ.ಮೀ. ದಪ್ಪದ ಸ್ಟೀಲ್ ಹಗ್ಗ ಸಿಕ್ಕಿತು. ರಾಟೆಗೆ ಒಂದು ಪೂರ್ತಿ ಸುತ್ತು ಹಾಕಿ, ತುದಿಗೆ ಅದೇ ಬಟ್ಟು ಕಟ್ಟಿದೆ. ಸ್ಪ್ರಿಂಗ್ ಎಳೆದಷ್ಟೂ ಬಿಗಿಯಾಗುತ್ತದೆ, ಬಟ್ಟಿನ ಭಾರ ಬದಲಾಗದು. ಕ್ಯಾರೇಜ್ ಹೋಗಿ ಬಂದರೆ ಅಂಕಿ ತಪ್ಪದೆ ಸೊನ್ನೆಗೆ ಮರಳಿತು! ನಾನೇ ಚಪ್ಪಾಳೆ ತಟ್ಟಿದೆ.

ಒಂದೇ ಕೊರತೆ: 100 ಮಿ.ಮೀ. ಸರಿಸಿದರೆ 98.45 ತೋರಿಸುತ್ತಿತ್ತು. ರಾಟೆಯ ವ್ಯಾಸಕ್ಕೆ ಹಗ್ಗದ ದಪ್ಪವೂ ಸೇರುತ್ತದಲ್ಲ! 31.83 ಇದ್ದದ್ದನ್ನು 31.33ಕ್ಕೆ ಇಳಿಸಬೇಕು. ಅಳೆಯಲು ಮಗಳು ಡಿಜಿಟಲ್ ಕ್ಯಾಲಿಪರ್ ತಂದುಕೊಟ್ಟಳು. ಅದರ ಪರದೆ ನೋಡಿ ಕೇಳಿದಳು: “ಅಪ್ಪಾ, ಇದು 0.01 ತೋರಿಸುತ್ತೆ. ನಿಮ್ಮದಕ್ಕಿಂತ ನಾಲ್ಕು ಪಟ್ಟು ಸೂಕ್ಷ್ಮ. ಇದನ್ನೇ ಲೇತಿಗೆ ಕಟ್ಟಬಾರದಿತ್ತಾ?”

“ಕಟ್ಟಬಹುದಿತ್ತು,” ಎಂದೆ. “ಯಾವ ದಾರದಲ್ಲಿ?”